ಕಣಜದ ಉಪದ್ರವ

ಕನ್ನಡದಲ್ಲಿ ‘ಕಣಜ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೆಳೆದ ಧಾನ್ಯವನ್ನು ತುಂಬಿಡುವ ಉಗ್ರಾಣವು ಒಂದು. ಸೊಂಟ ಸಣ್ಣಗಿದ್ದು ಕೋಪ ದೊಡ್ಡದಾಗಿರುವ ಹುಳು ಇನ್ನೊಂದು. ಮೊದಲನೆಯ ಕಣಜವು ನಮ್ಮ ಕಡೆಯ ಮನೆಗಳಿಂದ ಹೆಚ್ಚುಕಡಿಮೆ ಮಾಯವಾಗಿ ಹೋಗಿದೆ. ಎರಡನೆಯದು ಮಾತ್ರ ಅಜ್ಜಂದಿರ ಕಾಲದಲ್ಲಿದ್ದಂತೆಯೇ ಜಗಲಿಯ ಮೂಲೆಯಲ್ಲಿಯೂ ಹಟ್ಟಿಯ ಮಾಡಿನಲ್ಲಿಯೂ ತೆಂಗಿನ ಪೊಟರೆಯಲ್ಲಿಯೂ ತನ್ನ ಸಂಸಾರವನ್ನು ನಡೆಯಿಸಿಕೊಂಡು ಬಂದಿರುವುದು. ಇದನ್ನೇ ಕೆಲವೆಡೆ ಕಡಜವೆಂದು ಕರೆಯುವರು. ಹೆಸರು ಯಾವುದಾದರೂ ಆಗಲಿ, ಕಚ್ಚಿಸಿಕೊಂಡವರಿಗೆ ಪರಿಚಯ ಹೇಳಬೇಕಾದುದಿಲ್ಲ.

ನಾವಿರುವುದು ಫರಂಗಿಪೇಟೆಯಲ್ಲಿ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಗದ್ದಲವು ಒಂದು ಕಡೆಯಿಂದಲೂ ನೇತ್ರಾವತಿಯ ಗಾಳಿಯು ಮತ್ತೊಂದು ಕಡೆಯಿಂದಲೂ ಬರುವ ಊರಿದು. ದಡದಲ್ಲಿ ತೆಂಗು, ಒಳಗೆ ಅಡಿಕೆ, ನಡುವೆ ಅಂಗಳ, ಅಂಗಳಕ್ಕೆ ಮುಖಮಾಡಿದ ಹೆಂಚಿನ ಮನೆ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕ್ರಮೇಣ ಈ ಸೀಮೆಯ ಹುಲ್ಲು ಮಾಡುಗಳು ಹೋಗಿ ಕೆಂಪು ಮಾಡುಗಳು ಬಂದುವಷ್ಟೆ. ಮಳೆಯ ನೀರು ಇಳಿದು ಹೋಗಲು ಹೆಂಚಿನಂತಹ ಉಪಾಯವು ಇನ್ನೊಂದಿಲ್ಲ. ಆದರೆ ಹೆಂಚಿನ ಅಡಿಯಲ್ಲಿ ಪಕ್ಕಾಸು ರೀಪುಗಳ ನಡುವೆ ಉಳಿಯುವ ಸಂದುಗಳಲ್ಲಿ ಗಾಳಿಯೂ ಇರುವುದು, ನೆರಳೂ ಇರುವುದು, ಮಳೆಯು ಮಾತ್ರ ಬೀಳದು. ಕಣಜವು ಬೇಡುವುದು ಇದನ್ನೇ. ಹೀಗಿರಲಾಗಿ ನಮ್ಮ ಮನೆಯಲ್ಲಿ ಕಣಜದ ಗೂಡಿಲ್ಲದ ವರ್ಷವನ್ನು ನಾವು ಕಾಣೆವು.

ಇದನ್ನು ಬರೆಯಲು ಕಾರಣವಾದ ಸಂಗತಿಯು ಕೆಲವು ವರ್ಷಗಳ ಹಿಂದೆ ಆಟಿ ತಿಂಗಳಿನಲ್ಲಿ ನಡೆಯಿತು. ಎರಡು ದಿನ ಮಳೆ ಬಿಟ್ಟಿದ್ದಿತು. ಅಡಿಕೆಗೆ ಎರಡನೆಯ ಮದ್ದು ಬಿಡಿಸುತ್ತಿದ್ದೆವು. ಕೊಳೆರೋಗದ ಭಯವುಳ್ಳವರಿಗೆ ಮೈಲುತುತ್ತು ಸುಣ್ಣಗಳ ಈ ಮದ್ದಿನ ವಿಚಾರವನ್ನು ವಿವರಿಸಬೇಕಾಗಿಲ್ಲ. ಮದ್ದು ಬಿಡುವವನು ನಮ್ಮ ತೋಟಕ್ಕೆ ಇಪ್ಪತ್ತು ವರ್ಷಗಳಿಂದ ಬರುತ್ತಿದ್ದವನು. ಒಂದು ಮರವನ್ನು ಹತ್ತಿದರೆ ನೆಲಕ್ಕಿಳಿಯದೆ ಮರದಿಂದ ಮರಕ್ಕೆ ತೂಗಿಕೊಂಡು ಹೋಗಬಲ್ಲ ಚತುರ. ಹಾಗೆ ತೂಗುವಾಗ ಅವನ ಕೈಯ ಪೈಪು ಪಕ್ಕದ ಮುದಿ ತೆಂಗಿನ ಮರಕ್ಕೆ ತಾಗಿತು. ಆ ತೆಂಗಿನಲ್ಲಿ ಮರಕುಟಿಗವು ಎಂದೋ ಕೊರೆದಿದ್ದ ಪೊಟರೆಯೊಂದಿದ್ದಿತು. ಅದರೊಳಗೆ ದೊಡ್ಡ ಕಣಜಗಳು ಸಂಸಾರ ಹೂಡಿದ್ದುದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ಅವನು ಹೇಗೆ ಇಳಿದನೋ ದೇವರೇ ಬಲ್ಲ. ಎದೆಯ ಚರ್ಮವು ಮರಕ್ಕೆ ಉಜ್ಜಿ ಕೆಂಪಾಗಿದ್ದಿತು. ಕುತ್ತಿಗೆಯಲ್ಲಿ ಎರಡು, ಕಿವಿಯ ಹಿಂದೆ ಒಂದು, ಮುಂಗೈಯಲ್ಲಿ ಎರಡು, ಹೀಗೆ ಐದು ಕಡೆ ಕಚ್ಚಿದ್ದುವು. ಜಗಲಿಯಲ್ಲಿ ಕುಳ್ಳಿರಿಸಿದೆವು. ಅಜ್ಜಿಯು ಎಲೆಯಡಿಕೆಯ ಹರಿವಾಣದಿಂದ ಸುಣ್ಣವನ್ನು ತೆಗೆದು, “ಹಚ್ಚಿಕೋ ಮಗಾ, ಈಗ ಇಳಿಯುತ್ತದೆ” ಎಂದರು. ಒಬ್ಬರು ತುಳಸಿಗೆ ಓಡಿದರು, ಇನ್ನೊಬ್ಬರು ಈರುಳ್ಳಿ ಹೆಚ್ಚಿದರು, ನಾವು ಬಿಸಿ ಕಾಫಿ ಮಾಡಿಸಿದೆವು. ಐದು ನಿಮಿಷವಾದ ಮೇಲೆ ಅವನು, “ಅಮ್ಮಾ, ಅಂಗೈ ತುರಿಸುತ್ತದೆ” ಎಂದನು. ಅಂಗೈಗೆ ಕಚ್ಚಿರಲಿಲ್ಲ. ನಮಗೆ ಆಗಲೇ ತಿಳಿಯಬೇಕಿತ್ತು, ತಿಳಿಯಲಿಲ್ಲ. ಇನ್ನೂ ಸ್ವಲ್ಪ ಹೊತ್ತಿನಲ್ಲಿ ಹೊಟ್ಟೆಯ ಮೇಲೂ ತೊಡೆಯ ಮೇಲೂ ದದ್ದುಗಳೆದ್ದುವು, ತುಟಿ ದಪ್ಪವಾಯಿತು, ಸ್ವರ ಒಡೆಯಿತು. ಕುಡಿದ ಕಾಫಿಯು ಹೊರಕ್ಕೆ ಬಂದಿತು. “ಕಣ್ಣು ಕತ್ತಲೆ ಬರುತ್ತದೆ” ಎಂದು ಅವನು ಎದ್ದು ನಿಲ್ಲಲು ಹೋದನು. ನಿಂತವನು ಹಾಗೆಯೇ ಕುಸಿದನು.

ರಿಕ್ಷಾ ತಂದು, ಹಿಂದಿನ ಸೀಟಿನಲ್ಲಿ ಕಾಲನ್ನು ಮೇಲೆ ಮಾಡಿ ಮಲಗಿಸಿ, ಹತ್ತಿರದ ಆಸ್ಪತ್ರೆಗೆ ಕೊಂಡುಹೋದೆವು. ವೈದ್ಯರು ನಮ್ಮ ಕಥೆಯನ್ನು ಪೂರ್ತಿ ಕೇಳಲಿಲ್ಲ. ತೊಡೆಯ ಹೊರಭಾಗಕ್ಕೆ ಒಂದು ಸೂಜಿಮದ್ದು ಚುಚ್ಚಿದರು. ಹತ್ತು ನಿಮಿಷದಲ್ಲಿ ಅವನ ಮುಖಕ್ಕೆ ಬಣ್ಣ ಬರುವುದನ್ನು ನಾವು ಕಣ್ಣಾರೆ ಕಂಡೆವು. ಆ ರಾತ್ರಿ ಅಲ್ಲಿಯೇ ಇರಿಸಿಕೊಂಡರು. ಒಮ್ಮೆ ಇಳಿದ ಉಪದ್ರವವು ಕೆಲವು ಗಂಟೆಗಳ ಬಳಿಕ ಮರಳಿ ಏಳುವುದುಂಟಂತೆ. ವೈದ್ಯರು ಹೊರಗೆ ಬಂದು ಅಜ್ಜಿಯೊಡನೆ, “ಸುಣ್ಣಕ್ಕಿಂತಲೂ ಸುಣ್ಣ ಹಚ್ಚುತ್ತ ಕೂತ ಹೊತ್ತೇ ಕೆಟ್ಟದ್ದು, ಅಮ್ಮ” ಎಂದರು. ಅಜ್ಜಿಯು ಏನೂ ಮಾತಾಡಲಿಲ್ಲ. ಕಾಲು ಗಂಟೆಯಷ್ಟು ಹೊತ್ತನ್ನು ನಾವು ಕಳೆದಿದ್ದೆವು, ಅದರಲ್ಲಿ ಕಾಫಿಯ ಪಾಲು ನಮ್ಮದು.

ಮರುದಿನ ಅವನು ಹೇಳಿದ ಮಾತೊಂದು ನಮ್ಮನ್ನು ಇನ್ನೂ ಚುಚ್ಚುತ್ತಿದೆ. ಹಿಂದಿನ ವರ್ಷವೂ ಬೇರೊಬ್ಬರ ತೋಟದಲ್ಲಿ ಒಂದೇ ಒಂದು ಕಣಜ ಕಚ್ಚಿ ಮೈಯೆಲ್ಲ ದದ್ದೆದ್ದು ತಲೆ ಸುತ್ತಿದ್ದಿತಂತೆ. ಹೇಳಿದರೆ ಮರ ಹತ್ತಲು ಯಾರೂ ಕರೆಯಲಾರರೆಂದು ಸುಮ್ಮನಿದ್ದನಂತೆ.

ಹಾಗಾದರೆ ಕಣಜವೆಂಬುದೆಲ್ಲವೂ ಮೃತ್ಯುವೇ? ಅಲ್ಲವೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ. ಆ ಘಟನೆಯಾದ ವಾರದಲ್ಲಿ ನಮ್ಮ ಮನೆಯ ಹುಡುಗರು ಉದ್ದನೆಯ ಕೋಲು ಹಿಡಿದು ಕಣ್ಣಿಗೆ ಬಿದ್ದ ಗೂಡುಗಳನ್ನೆಲ್ಲ ಕೆಡವಲು ಹೊರಟರು. ಅವರು ಮೊದಲು ಗುರಿಮಾಡಿದ್ದು ನಿರಪರಾಧಿಗಳನ್ನು. ಅಂಗಳದಲ್ಲಿ ನಾವು ಕಣಜವೆಂದು ಒಂದೇ ಹೆಸರಿನಿಂದ ಕರೆಯುವ ಹುಳುಗಳಲ್ಲಿ ಮೂರು ಬಗೆಯವನ್ನಾದರೂ ಬೇರ್ಪಡಿಸಿ ತಿಳಿದಿರಬೇಕು.

ಗೋಡೆಯ ಮೇಲೆ, ಪಟದ ಹಿಂದೆ, ಬೀಗದ ತೂತಿನಲ್ಲಿ ಕೂಡ ಮಣ್ಣಿನ ಗೂಡು ಕಟ್ಟುವುದು ಒಂದು. ಇದಕ್ಕೆ ಕುಂಬಾರ ಹುಳುವೆಂದೇ ಹೆಸರು. ಇದು ಒಂಟಿಜೀವಿ, ರಕ್ಷಿಸಬೇಕಾದ ಬಳಗವಿಲ್ಲವಾದುದರಿಂದ ಗೂಡಿನ ಹತ್ತಿರ ಹೋದರೂ ಮೇಲೆ ಬೀಳದು. ಕೈಯಲ್ಲಿ ಹಿಡಿದು ಹಿಚುಕಿದವರಿಗೆ ಮಾತ್ರ ಕಚ್ಚೀತು. ಇದರ ಗೂಡನ್ನು ಒಡೆದು ನೋಡಿದವರಿಗೆ ಒಳಗೆ ಸತ್ತಂತೆ ಬಿದ್ದಿರುವ ಹಸುರು ಕಂಬಳಿಹುಳುಗಳೋ ಜೇಡಗಳೋ ಕಾಣುವುವು. ನಮ್ಮ ವೇದಾಂತಿಗಳ ಭ್ರಮರಕೀಟನ್ಯಾಯವು ಹುಟ್ಟಿದುದು ಇಂತಹ ಗೂಡನ್ನು ಕಂಡೇ ಇರಬೇಕು. ಗೂಡಿನಲ್ಲಿ ಸೆರೆಯಾದ ಕೀಟವು ಭ್ರಮರವನ್ನೇ ಧ್ಯಾನಿಸಿ ಧ್ಯಾನಿಸಿ ತಾನೂ ಭ್ರಮರವಾಗಿ ಹೊರಬರುವುದೆಂದು ಆ ನ್ಯಾಯವು ಹೇಳುವುದು. ಒಳಹೋದದ್ದು ಹುಳು, ಹೊರಬಂದದ್ದು ಕಣಜ. ನೋಡಿದವರು ಹಾಗೆಂದುಕೊಂಡುದರಲ್ಲಿ ಆಶ್ಚರ್ಯವಿಲ್ಲ. ಫ್ರಾನ್ಸ್ ದೇಶದ ಜಾನ್ ಆನ್ರಿ ಫಾಬ್ರ್ ಎಂಬ ಬಡ ಉಪಾಧ್ಯಾಯರು ಹತ್ತೊಂಬತ್ತನೆಯ ಶತಮಾನದಲ್ಲಿ ಇಂತಹ ಗೂಡುಗಳ ಮುಂದೆ ದಿನಗಟ್ಟಲೆ ಕುಳಿತು ಒಳಗಿನ ನಿಜವನ್ನು ಕಂಡುಕೊಂಡರು. ತಾಯಿ ಕಣಜವು ಹುಳುವಿಗೆ ಕೊಂಡಿಯನ್ನು ಚುಚ್ಚಿ, ಕೊಲ್ಲದೆ ಮರವಟ್ಟಂತೆ ಮಾಡಿ, ಗೂಡಿನಲ್ಲಿ ಪೇರಿಸುವುದು. ತನ್ನ ಮೊಟ್ಟೆಯನ್ನು ನೂಲಿನಂತಹ ಎಳೆಯಿಂದ ಗೂಡಿನ ಮೇಲ್ಭಾಗಕ್ಕೆ ತೂಗುಹಾಕುವುದು. ಹೊರಬಂದ ಮರಿಯು ಕೆಡದ ಆಹಾರವನ್ನು ತಿಂದು ಬೆಳೆಯುವುದು. ವೇದಾಂತದ ದೃಷ್ಟಾಂತವು ದೃಷ್ಟಾಂತವಾಗಿಯೇ ಇರಲಿ. ಆದರೆ ತರಕಾರಿ ಗಿಡಗಳ ಹುಳುವನ್ನು ಸಂಬಳವಿಲ್ಲದೆ ಹೆಕ್ಕಿ ಕೊಡುವ ಈ ಕುಂಬಾರನನ್ನು ಓಡಿಸುವುದು ಬುದ್ಧಿವಂತಿಕೆಯಲ್ಲ. ಪಟವು ಕೊಳಕಾಗುವುದೆಂಬವರು ಮರಿ ಹಾರಿಹೋದ ಮೇಲೆ, ಅಂದರೆ ಗೂಡಿನಲ್ಲಿ ದುಂಡನೆಯ ತೂತು ಕಂಡ ಮೇಲೆ, ಕೆರೆದು ತೆಗೆಯಬಹುದು.

ಎರಡನೆಯದು ಕಾಗದದ ಗೂಡು ಕಟ್ಟುವ ಸಣ್ಣ ಕಣಜ. ರೀಪಿನ ಅಡಿಯಲ್ಲಿಯೋ ಕಿಟಕಿಯ ಮೇಲೆಯೋ ಸಣ್ಣ ತೊಟ್ಟಿನಿಂದ ಬೂದುಬಣ್ಣದ, ಮುಚ್ಚಿಗೆಯಿಲ್ಲದ ಹಲ್ಲೆಯು ನೇತಾಡುವುದು. ಅದರ ಮೇಲೆ ಹತ್ತಿಪ್ಪತ್ತು ಕಂದುಬಣ್ಣದ ಹುಳುಗಳು ಕುಳಿತಿರುವುವು. ಒಣಮರದ ನಾರನ್ನು ಕೆರೆದು, ಜೊಲ್ಲಿನಲ್ಲಿ ಅಗಿದು, ಎಳೆದು ತೆಳ್ಳಗೆ ಮಾಡಿ ಕಟ್ಟಿದ ಗೂಡದು. ಮರದಿಂದ ಕಾಗದ ಮಾಡಬಹುದಲ್ಲವೇ ಎಂದು ಫ್ರಾನ್ಸಿನ ರೇಯೋಮ್ಯೂರ್ ಎಂಬ ಪಂಡಿತರಿಗೆ ೧೭೧೯ರಲ್ಲಿ ಹೊಳೆದುದು ಕಣಜದ ಈ ಕೆಲಸವನ್ನು ನೋಡಿಯೇ. ಆಗ ಕಾಗದವನ್ನು ಹಳೆಯ ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. ವಾಚಕರ ಕೈಯಲ್ಲಿರುವ ಮಾಸಪತ್ರಿಕೆಯ ಹಾಳೆಗೂ ಕಿಟಕಿಯ ಮೇಲಿನ ಗೂಡಿಗೂ ದೂರದ ನೆಂಟಸ್ತಿಕೆಯುಂಟೆಂದಾಯಿತು.

ಈ ಸಣ್ಣ ಕಣಜಗಳಲ್ಲಿ ನಮ್ಮ ದಕ್ಷಿಣದೇಶದಲ್ಲೆಲ್ಲ ಕಾಣುವ ಒಂದು ಜಾತಿಗೆ ರೋಪಲಿಡಿಯ ಮಾರ್ಜಿನೇಟ ಎಂದು ಶಾಸ್ತ್ರೀಯ ನಾಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಅವರು ಇದೊಂದನ್ನೇ ದಶಕಗಳ ಕಾಲ ನೋಡಿ, ಒಂದೊಂದು ಹುಳುವಿಗೂ ಬಣ್ಣದ ಬೊಟ್ಟಿಟ್ಟು ಗುರುತಿಸಿ, ೨೦೦೧ರಲ್ಲಿ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದರು. ಅವರು ಕಂಡುಕೊಂಡ ಸಂಗತಿಗಳಲ್ಲಿ ನಮ್ಮ ಗೃಹಿಣಿಯರಿಗೆ ರುಚಿಸಬಹುದಾದ ಒಂದನ್ನು ಹೇಳುವೆವು. ಈ ಗೂಡಿನ ರಾಣಿಯು ಯಾರ ಮೇಲೂ ಜಬರದಸ್ತು ಮಾಡದೆ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತಿರುವುದು. ಮೊಟ್ಟೆಯಿಡುವ ಹಕ್ಕು ಮಾತ್ರ ಅದರದೇ. ರಾಣಿಯನ್ನು ತೆಗೆದುಬಿಟ್ಟರೆ ಉಳಿದವುಗಳಲ್ಲಿ ಒಂದು ಆ ಕೂಡಲೇ ಮಹಾಕೋಪಿಷ್ಠೆಯಾಗಿ ಎಲ್ಲರನ್ನೂ ಅಟ್ಟಾಡಿಸುವುದು. ವಾರವೊಂದು ಕಳೆದು ತಾನೇ ರಾಣಿಯಾಗಿ ನಿಂತ ಮೇಲೆ ಅದೂ ಮೊದಲಿನವಳಂತೆಯೇ ಸಾಧುವಾಗಿಬಿಡುವುದು. ಅಧಿಕಾರವು ಕೈಗೆ ಬರುವ ತನಕದ ಆರ್ಭಟವು ಕಣಜಗಳಲ್ಲಿಯೂ ಇರುವುದೆಂದಾಯಿತು.

ಈ ಗೂಡು ತಲೆಗೆ ತಾಗುವ ಎತ್ತರದಲ್ಲಿಲ್ಲದಿದ್ದರೆ ಬಿಟ್ಟುಬಿಡುವುದೇ ಲೇಸು. ಮುಟ್ಟಿದರೆ ಕಚ್ಚುವುದು ನಿಜ. ಆದರೆ ಹಿಂಬಾಲಿಸಿ ಬಂದು ಗುಂಪಾಗಿ ಮುತ್ತುವ ಸ್ವಭಾವವು ಇದಕ್ಕೆ ಅಷ್ಟಾಗಿ ಇಲ್ಲ. ಬಾಗಿಲ ದಾರಂದದಲ್ಲಿಯೋ ಮಕ್ಕಳು ಕೈಯಿಡುವ ಮೆಟ್ಟಿಲ ಕಂಬಿಯಲ್ಲಿಯೋ ಕಟ್ಟತೊಡಗಿದರೆ, ಗೂಡು ರೂಪಾಯಿಯ ಅಗಲಕ್ಕಿಂತ ಚಿಕ್ಕದಾಗಿದ್ದು ಒಂದೆರಡೇ ಹುಳುಗಳಿರುವಾಗ, ಕತ್ತಲಾದ ಮೇಲೆ ಉದ್ದ ಕೋಲಿನ ತುದಿಯಿಂದ ತೊಟ್ಟನ್ನು ಮುರಿದರೆ ಸಾಕು. ಅವು ಬೇರೆಡೆ ಹೋಗಿ ಕಟ್ಟಿಕೊಳ್ಳುವುವು.

ಮೂರನೆಯದು ದೊಡ್ಡ ಕಣಜ. ನಾವು ಭಯಪಡಬೇಕಾದುದು ಇದಕ್ಕೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಜಾತಿಯು ಒಂದಂಗುಲದಷ್ಟು ಉದ್ದವಾಗಿ, ಕಪ್ಪುಮಿಶ್ರ ಕಂದುಬಣ್ಣವಾಗಿ, ಹೊಟ್ಟೆಯ ಮೇಲೆ ಅಗಲವಾದ ಒಂದೇ ಹಳದಿ ಪಟ್ಟೆಯುಳ್ಳದಾಗಿರುವುದು. ವೆಸ್ಪ ಟ್ರೋಪಿಕ ಎಂಬುದು ಅದರ ಶಾಸ್ತ್ರೀಯ ನಾಮ. ಹಾರುವಾಗಿನ ಸದ್ದೇ ಬೇರೆ. ಒಮ್ಮೆ ಕೇಳಿದ ಕಿವಿಯು ಮರೆಯದು. ಮರದ ಪೊಟರೆ, ಹಾಳು ಗೋಡೆಯ ಬಿರುಕು, ನೆಲದ ಬಿಲ, ಅಟ್ಟದ ಕತ್ತಲೆ ಇವೇ ಅದರ ಬೀಡು. ಇದರ ಗೂಡಿನಲ್ಲಿ ಒಂದರ ಕೆಳಗೊಂದರಂತೆ ಹಲ್ಲೆಗಳಿದ್ದು ಸುತ್ತಲೂ ಕಾಗದದ ಹೊದಿಕೆಯಿರುವುದು. ಇದು ಸಣ್ಣ ಕಣಜದ ಗೂಡಿಗೆ ನುಗ್ಗಿ ಮರಿಗಳನ್ನು ಹೊತ್ತೊಯ್ಯುವುದು. ತುಡುವೆ ಜೇನಿನ ಪೆಟ್ಟಿಗೆಯ ಬಾಗಿಲಲ್ಲಿ ಕಾದು ನಿಂತು ನೊಣಗಳನ್ನು ಹಿಡಿಯುವುದು. ಜೇನು ಸಾಕುವವರು ಪುತ್ತೂರು, ಸುಳ್ಯ, ಬೆಳ್ತಂಗಡಿಗಳಲ್ಲಿ ಎಷ್ಟೋ ಮಂದಿ ಇರುವುದರಿಂದ ಅವರಿಗೆ ಈ ಶತ್ರುವಿನ ಪರಿಚಯವು ಚೆನ್ನಾಗಿಯೇ ಇರುವುದು. ಅಂಗಳದಲ್ಲಿ ಮೀನು ಕೊಯ್ಯುವಾಗ ತುಣುಕನ್ನು ಕತ್ತರಿಸಿಕೊಂಡು ಹೋಗಲು ಬರುವುದೂ, ಬಿರಿದ ಹಲಸಿನ ಹಣ್ಣಿಗೆ ಮುತ್ತುವುದೂ ಇದೇ.

ಮಳೆಯು ಕಳೆದು ಆಶ್ವಯುಜ ಕಾರ್ತಿಕಗಳು ಬರುವಾಗ ಗೂಡು ತುಂಬಿರುವುದು, ಕಾವಲೂ ಬಿಗಿಯಾಗಿರುವುದು. ಅಡಿಕೆಯ ಕೊಯ್ಲು, ತೆಂಗಿನ ಕೊಯ್ಲು, ಹುಲ್ಲು ಹೆರೆಯುವುದು, ಬೇಲಿ ಕಡಿಯುವುದು ಎಲ್ಲವೂ ನಡೆಯುವ ಕಾಲವೂ ಅದೇ. ಕಣಜ ಮುತ್ತಿ ಸತ್ತವರ ಸುದ್ದಿಯು ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಬರುತ್ತಲೇ ಇರುವುದು. ಅವರಲ್ಲಿ ಹುಲ್ಲಿಗೆ ಹೋದವರೂ, ಮರ ಹತ್ತಿದವರೂ, ದಾರಿಯಲ್ಲಿ ಸುಮ್ಮನೆ ನಡೆದು ಹೋಗುತ್ತಿದ್ದವರೂ ಇರುವರು.

ಇನ್ನು ಕಚ್ಚುವುದರ ವಿಚಾರ. ಜೇನುನೊಣದ ಮುಳ್ಳಿಗೆ ಗರಗಸದಂತಹ ಹಿಮ್ಮುಳ್ಳುಗಳಿರುವುದರಿಂದ ಅದು ನಮ್ಮ ಚರ್ಮದಲ್ಲಿ ಸಿಕ್ಕಿಬಿದ್ದು, ನೊಣವು ಒಮ್ಮೆ ಕಚ್ಚಿ ಸಾಯುವುದು. ಜೇನು ಕಚ್ಚಿದರೆ ಆ ಮುಳ್ಳನ್ನು ಉಗುರಿನಿಂದಲೋ ಮತ್ತಾವುದರಿಂದಲೋ ತಡಮಾಡದೆ ಕಿತ್ತೆಸೆಯಬೇಕು; ನಂಜಿನ ಚೀಲವು ಅದಕ್ಕೆ ಅಂಟಿಕೊಂಡೇ ಇರುವುದು. ಕಣಜದ ಕೊಂಡಿಯು ಹಾಗೆ ಸಿಕ್ಕಿಬೀಳುವುದಿಲ್ಲ. ಒಂದೇ ಹುಳುವು ನಾಲ್ಕು ಸಲ ಚುಚ್ಚಬಲ್ಲುದು. ಚುಚ್ಚುವುವು ಹೆಣ್ಣು ಹುಳುಗಳು ಮಾತ್ರ; ಮೊಟ್ಟೆಯಿಡುವ ಅಂಗವೇ ಮಾರ್ಪಟ್ಟು ಕೊಂಡಿಯಾಗಿರುವುದು. ಗೂಡಿನ ಹತ್ತಿರ ಒಂದು ಕಣಜವನ್ನು ಹೊಡೆದು ಜಜ್ಜಿದರೆ ಅದರ ನಂಜಿನ ವಾಸನೆಯೇ ಉಳಿದವುಗಳಿಗೆ ಯುದ್ಧದ ಕರೆಯಾಗುವುದು. ಆದುದರಿಂದ ಟವೆಲು ಬೀಸಿ ಹೊಡೆದಾಡುವವನು ತನಗೆ ತಾನೇ ದಂಡನ್ನು ಕರೆಸಿಕೊಂಡಂತೆ. ಮುಖವನ್ನೂ ಕುತ್ತಿಗೆಯನ್ನೂ ಬಟ್ಟೆಯಿಂದ ಮುಚ್ಚಿಕೊಂಡು ನೆಟ್ಟಗೆ ಓಡಿ ಮನೆಯನ್ನೋ ನಿಂತ ವಾಹನವನ್ನೋ ಹೊಕ್ಕು ಬಾಗಿಲು ಹಾಕಿಕೊಳ್ಳುವುದೊಂದೇ ದಾರಿ. ಹೊಳೆಯಲ್ಲಿ ಮುಳುಗುವುದು ಉಪಾಯವಲ್ಲ. ತಲೆಯೆತ್ತುವುದನ್ನೇ ಅವು ಕಾಯುವುವು. ಹಗ್ಗದಲ್ಲಿ ಕಟ್ಟಿದ ಹಸುವಿಗೂ ಸರಪಳಿಯ ನಾಯಿಗೂ ಓಡುವ ಭಾಗ್ಯವಿಲ್ಲವೆಂಬುದನ್ನು ಗೂಡಿನ ಬಳಿ ಪಶುಗಳನ್ನು ಕಟ್ಟುವವರು ನೆನಪಿನಲ್ಲಿಡಬೇಕು.

ಕಚ್ಚಿದ ಜಾಗಕ್ಕೆ ನಮ್ಮ ಹಳ್ಳಿಗಳಲ್ಲಿ ಹಚ್ಚದಿರುವ ವಸ್ತುವೇ ಇಲ್ಲ. ಸುಣ್ಣ, ಅರಸಿನ, ಈರುಳ್ಳಿ, ತುಳಸಿ, ಸೀಮೆಎಣ್ಣೆ, ಹುಣಿಸೆಯ ರಸ, ಕಬ್ಬಿಣದ ಚೂರಿಯ ಉಜ್ಜು! ಜೇನಿನ ನಂಜು ಹುಳಿ, ಅದಕ್ಕೆ ಸೋಡ. ಕಣಜದ ನಂಜು ಕ್ಷಾರ, ಅದಕ್ಕೆ ವಿನಿಗರ್ ಎಂದು ಪುಸ್ತಕ ಓದಿದವರೂ ಹೇಳುವುದುಂಟು. ಇವೆಲ್ಲವುಗಳಿಗೂ ಒಂದೇ ಉತ್ತರ: ನಂಜು ಇಳಿದಿರುವುದು ಚರ್ಮದ ಒಳಗೆ, ಲೇಪವು ನಿಲ್ಲುವುದು ಚರ್ಮದ ಹೊರಗೆ. ಸುಣ್ಣವಂತೂ ಸುಟ್ಟು ಹುಣ್ಣು ಮಾಡಬಲ್ಲುದು. ಸೋಪು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ತಣ್ಣೀರಿನ ಪಟ್ಟಿಯನ್ನೋ ಇಟ್ಟು, ಉಂಗುರ ಬಳೆಗಳನ್ನು ಬಾವು ಏರುವ ಮುಂಚೆಯೇ ಕಳಚಿ, ಬೇಕಾದರೆ ನೋವಿಗೆ ಪ್ಯಾರಸಿಟಮಾಲ್ ಮಾತ್ರೆಯನ್ನೂ ತುರಿಕೆಗೆ ಸಿಟಿರಿಜಿನ್ ಮಾತ್ರೆಯನ್ನೂ ಕೊಟ್ಟರೆ ಮುಗಿಯಿತು. ಒಂದೆರಡು ಕಡೆ ಕಚ್ಚಿಸಿಕೊಂಡ ಹೆಚ್ಚಿನವರಿಗೆ ಇಷ್ಟರಲ್ಲಿಯೇ ಗುಣವಾಗುವುದು. ಮರುದಿನ ಬಾವು ಇನ್ನಷ್ಟು ಏರುವುದು ಸಹಜ, ಅದಕ್ಕೆ ಹೆದರಬೇಕಾಗಿಲ್ಲ.

ಹೆದರಬೇಕಾದ ಸಂದರ್ಭಗಳು ಬೇರೆ. ಕೆಲವರ ಶರೀರವು ಹಿಂದೊಮ್ಮೆ ಕಂಡ ನಂಜನ್ನು ನೆನಪಿಟ್ಟುಕೊಂಡು, ಮುಂದಿನ ಸಲ ಅಣುಮಾತ್ರಕ್ಕೂ ಮಿತಿಮೀರಿ ಕೆರಳುವುದು. ಈ ವಿಪರೀತವನ್ನು ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪೋಲ್ ಪೋರ್ತಿಯೇ ಎಂಬಿಬ್ಬರು ೧೯೦೨ರಲ್ಲಿ ಗುರುತಿಸಿ ಅನಾಫಿಲಾಕ್ಸಿಸ್ ಎಂಬ ಹೆಸರಿಟ್ಟರು. ರಿಷೆಯವರಿಗೆ ೧೯೧೩ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಕಚ್ಚದ ಜಾಗದಲ್ಲಿ ತುರಿಕೆ ಮತ್ತು ದದ್ದು, ತುಟಿ ನಾಲಗೆಗಳ ಬಾವು, ಸ್ವರ ಒಡೆಯುವುದು, ಉಬ್ಬಸ, ವಾಂತಿ, ಹೊಟ್ಟೆ ಹಿಂಡುವುದು, ತಲೆ ಸುತ್ತು, ಬೆವರು, ಏನೋ ಆಗುತ್ತಿದೆಯೆಂಬ ದಿಗಿಲು ಇವು ಅದರ ಲಕ್ಷಣಗಳು. ನಮ್ಮ ಜಗಲಿಯಲ್ಲಿ ಇವು ಒಂದೊಂದಾಗಿ ಬಂದು ನಿಂತುವು. ನಾವು ಸುಣ್ಣ ಹಚ್ಚುತ್ತಿದ್ದೆವು. ಇಂತಹ ಸಾವುಗಳು ಅನೇಕ ಬಾರಿ ಕಾಲು ಗಂಟೆ ಅರ್ಧ ಗಂಟೆಗಳೊಳಗೇ ಆಗಿಹೋಗುವುವು. ಇದಕ್ಕಿರುವ ಮದ್ದು ಅಡ್ರಿನಲಿನ್ ಒಂದೇ. ಜಪಾನಿನ ಜೋಕಿಚಿ ತಕಾಮಿನೆಯವರು ೧೯೦೧ರಲ್ಲಿ ಲೋಕಕ್ಕೆ ತಿಳಿಯಪಡಿಸಿದ ಈ ದ್ರವ್ಯವು ದುಬಾರಿಯದೂ ಅಲ್ಲ, ಅಪೂರ್ವವೂ ಅಲ್ಲ. ಅರ್ಧ ಮಿಲಿಲೀಟರಿನಷ್ಟನ್ನು ದೊಡ್ಡವರ ತೊಡೆಯ ಸ್ನಾಯುವಿಗೆ ಚುಚ್ಚುವರು. ಸಿಟಿರಿಜಿನ್ ಮಾತ್ರೆಯು ತುರಿಕೆಯನ್ನು ತಗ್ಗಿಸೀತೇ ಹೊರತು ನಿಲ್ಲುತ್ತಿರುವ ಉಸಿರನ್ನು ತರಲಾರದು. ಮಾತ್ರೆ ಕೊಟ್ಟು ನೋಡೋಣವೆಂಬ ತಾಳ್ಮೆ ಇಲ್ಲಿ ಬೇಡ.

ಅಂಥವನನ್ನು ನಡೆಯಿಸಬಾರದು, ಎಬ್ಬಿಸಿ ನಿಲ್ಲಿಸಲೂ ಬಾರದು. ರಕ್ತದ ಒತ್ತಡವು ಬಿದ್ದಿರುವಾಗ ತಟ್ಟನೆ ಎದ್ದು ನಿಂತು ಪ್ರಾಣ ಬಿಟ್ಟವರಿದ್ದಾರೆ. ನಮ್ಮವನು ಕುಸಿದುದು ಅದಕ್ಕಾಗಿಯೇ ಎಂದು ವೈದ್ಯರು ಹೇಳಿದರು. ಅಂಗಾತ ಮಲಗಿಸಿ ಕಾಲುಗಳನ್ನು ಎತ್ತಿ ಇರಿಸಬೇಕು, ಉಬ್ಬಸವೇ ಹೆಚ್ಚಾಗಿದ್ದರೆ ಒರಗಿ ಕೂರಿಸಬಹುದು, ವಾಂತಿಯಾಗುತ್ತಿದ್ದರೆ ಮಗ್ಗುಲಾಗಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು. ೨೦೦೮ರಿಂದ ನಮ್ಮ ರಾಜ್ಯದಲ್ಲಿ ೧೦೮ ಎಂಬ ಸಂಖ್ಯೆಗೆ ಕರೆಮಾಡಿದರೆ ಆಂಬುಲೆನ್ಸು ಬರುವ ವ್ಯವಸ್ಥೆಯಿದೆ. ಬರುವುದು ತಡವಾಗುವಂತಿದ್ದರೆ ಸಿಕ್ಕಿದ ವಾಹನದಲ್ಲಿ ಹೊರಡುವುದೇ ಸರಿ. ಫರಂಗಿಪೇಟೆಯವರಿಗೆ ಒಂದು ಕಡೆ ಬಂಟ್ವಾಳ, ಒಂದು ಕಡೆ ಮಂಗಳೂರು. ಹೆದ್ದಾರಿಯು ಬಾಗಿಲಲ್ಲಿಯೇ ಇದೆ. ಬೆಳ್ತಂಗಡಿಯ ಘಟ್ಟದ ಬುಡದ ಮನೆಗಳಲ್ಲಿರುವವರಿಗೆ ಆ ಅನುಕೂಲವಿಲ್ಲ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿಯೂ ವೈದ್ಯರಿರುವರೆಂಬುದನ್ನು ಅವರು ಇಂದೇ ಕೇಳಿ ತಿಳಿದಿರುವುದು ಒಳ್ಳೆಯದು.

ಇನ್ನೊಂದು ಅಪಾಯವುಂಟು. ಅಲರ್ಜಿಯೇ ಇಲ್ಲದವನಿಗೂ ಹತ್ತಾರು ಕಡೆ ಕಚ್ಚಿದರೆ ನಂಜಿನ ಮೊತ್ತವೇ ಹಾನಿ ಮಾಡುವುದು. ಇಲ್ಲಿ ಮೋಸವಾಗುವುದು ಹೇಗೆಂದರೆ, ಮೊದಲ ದಿನ ನೋವಿನ ಹೊರತು ರೋಗಿಯು ಚೆನ್ನಾಗಿಯೇ ಕಾಣುವನು. ಮರುದಿನವೋ ಅದರಾಚೆಯ ದಿನವೋ ಮೂತ್ರವು ಕಡುಗಂದಾಗಿ, ಆಮೇಲೆ ಕಡಿಮೆಯಾಗಿ, ಮೂತ್ರಪಿಂಡಗಳು ಕೆಲಸ ನಿಲ್ಲಿಸುವುವು. ಆದುದರಿಂದ ತುಂಬ ಕಡೆ ಕಚ್ಚಿಸಿಕೊಂಡವರನ್ನು, ಮಕ್ಕಳಾದರೆ ಏಳೆಂಟು ಕಡೆ ಕಚ್ಚಿಸಿಕೊಂಡವರನ್ನೂ, ನಗುನಗುತ್ತ ಮಾತಾಡುತ್ತಿದ್ದರೂ ವೈದ್ಯರಿಗೆ ತೋರಿಸಬೇಕು. ಬಾಯೊಳಗೆ ಕಚ್ಚಿದರಂತೂ ಒಂದೇ ಕಡಿತವಾದರೂ ಗಂಟಲು ಕಟ್ಟಬಹುದು. ಹೊರಗೆ ಕುಳಿತು ಎಳನೀರು, ಷರಬತ್ತು ಕುಡಿಯುವವರು ಲೋಟದೊಳಗೆ ಒಮ್ಮೆ ನೋಡಿ ಕುಡಿಯಲಿ.

ದೊಡ್ಡ ಕಣಜದ ಗೂಡನ್ನು ಏನು ಮಾಡಬೇಕು? ಜನಸಂಚಾರವಿಲ್ಲದ ಗುಡ್ಡದಲ್ಲಿದ್ದರೆ ಅದರ ಪಾಡಿಗೆ ಬಿಡಬೇಕು. ಅಂಗಳಕ್ಕೆ, ಶಾಲೆಯ ದಾರಿಗೆ, ಕೆಲಸದ ಮರಕ್ಕೆ ಸಮೀಪವಾಗಿದ್ದರೆ ತೆಗೆಸಲೇಬೇಕು; ಆದರೆ ತೆಗೆಸಬೇಕು, ತೆಗೆಯಬಾರದು. ಒಣ ಮಡಲಿನ ಸೂಟೆ ಕಟ್ಟಿ ರಾತ್ರಿ ಸುಡುವುದು ನಮ್ಮ ಹಿರಿಯರ ಕ್ರಮ. ಬಯಲಿನ ಬಿಲಕ್ಕೆ ಅದು ನಡೆದೀತು. ಹೆಂಚಿನ ಮಾಡಿನ ಅಡಿಯಲ್ಲಿ ಸೂಟೆ ಹಿಡಿದವನು ಗೂಡಿನ ಜೊತೆಗೆ ಪಕ್ಕಾಸನ್ನೂ ಸುಟ್ಟಾನು. ಮರವೇರಿ ಸೂಟೆ ಹಿಡಿದವನು ಕಚ್ಚಿಸಿಕೊಂಡು ಕೈಬಿಟ್ಟರೆ ಕಣಜದ ನಂಜು ಏರುವ ಮೊದಲೇ ನೆಲವು ಕೊಂದುಬಿಡುವುದು. ಬಿಲಕ್ಕೆ ಪೆಟ್ರೋಲು ಸುರಿಯುವ ಧೀರರೂ ಇರುವರು. ಅವರ ಬಾವಿಯು ಎಷ್ಟು ದೂರದಲ್ಲಿದೆಯೆಂದು ಮೊದಲು ಕೇಳಬೇಕು. ಈ ಕೆಲಸವನ್ನು ಬಲ್ಲವರು ಹೆಚ್ಚಿನ ಊರುಗಳಲ್ಲಿಯೂ ಒಬ್ಬಿಬ್ಬರಿರುವರು. ದಪ್ಪನೆಯ ಮುಚ್ಚುಡುಗೆ, ಮುಖಕ್ಕೆ ಬಲೆ, ಬಿಗಿದ ಕೈಚೀಲಗಳೊಡನೆ ಕತ್ತಲಲ್ಲಿ ಬಂದು ಮಾಡುವರು. ಕೂಲಿ ಹೆಚ್ಚಾಯಿತೆಂದು ಚರ್ಚೆ ಮಾಡುವ ಸ್ಥಳವು ಇದಲ್ಲ. ಅವರು ಬರುವ ತನಕ ಮಕ್ಕಳನ್ನು ಕಲ್ಲೆಸೆಯದಂತೆ ತಡೆಯುವುದು ಮನೆಯವರ ಕೆಲಸ, ಅದೇನೂ ಸುಲಭವಲ್ಲ.

ಮರ ಹತ್ತಿಸುವವರಿಗೂ ಒಂದು ಮಾತು. ಹತ್ತುವ ಮೊದಲು ಪ್ರತಿಯೊಂದು ಮರವನ್ನೂ ಅದರ ನೆರೆಯ ಮರವನ್ನೂ ಕೆಳಗಿನಿಂದ ಐದು ನಿಮಿಷ ನೋಡಬೇಕು. ಒಂದೇ ತೂತಿನಿಂದ ಹುಳುಗಳು ಹೊರಟು ಅಲ್ಲಿಗೇ ಮರಳುತ್ತಿದ್ದರೆ ಅಲ್ಲಿ ಗೂಡಿದೆಯೆಂದೇ ಅರ್ಥ. ಕೈಯ ಫೋನಿನ ಕ್ಯಾಮೆರಾದಿಂದ ಹಿಗ್ಗಿಸಿ ನೋಡಿದರೆ ಇನ್ನೂ ಸ್ಪಷ್ಟವಾಗುವುದು. ಹಿಂದೆ ಕಣಜ ಕಚ್ಚಿ ಮೈಯೆಲ್ಲ ದದ್ದೆದ್ದಿತ್ತೇ ಎಂದು ಕೇಳಬೇಕು; ಹೌದೆಂದವನನ್ನು ಕೆಲಸದಿಂದ ಬಿಡದೆ ನೆಲದ ಕೆಲಸಕ್ಕೆ ಹಚ್ಚುವೆವೆಂಬ ಭರವಸೆಯನ್ನು ಕೇಳುವುದಕ್ಕೆ ಮೊದಲೇ ಕೊಡಬೇಕು. ಇಲ್ಲದಿದ್ದರೆ ನಿಜವಾದ ಉತ್ತರವು ಬಾರದು.

ನಮ್ಮವನು ಆಮೇಲೆ ಮರ ಹತ್ತಲಿಲ್ಲ. ಈಗ ತೋಟಗಳಿಗೆ ಬಂದಿರುವ ಕಾರ್ಬನ್ ನಾರಿನ ಉದ್ದನೆಯ ದೋಟಿಯನ್ನು ಹಿಡಿದು ನೆಲದಲ್ಲಿ ನಿಂತೇ ಮದ್ದು ಬಿಡುವುದನ್ನೂ ಗೊನೆ ಇಳಿಸುವುದನ್ನೂ ಕಲಿತುಕೊಂಡನು. ಮೊದಲ ವರ್ಷ ಕುತ್ತಿಗೆ ನೋವೆಂದು ಗೊಣಗುತ್ತಿದ್ದನು. ಮುದಿ ತೆಂಗನ್ನು, ಇಬ್ಬರು ರಾತ್ರಿ ಬಂದು ಗೂಡನ್ನು ತೆಗೆದ ಮೇಲೆ, ಕಡಿಸಿದೆವು. ಪೊಟರೆಯೊಳಗೆ ಒಂದರ ಕೆಳಗೊಂದರಂತೆ ನಾಲ್ಕು ಹಲ್ಲೆಗಳಿದ್ದುವು; ಅವುಗಳ ಮರಿಗಳನ್ನು ಮನೆಯ ಕೋಳಿಗಳು ಬೆಳಗಾಗುವುದರೊಳಗೆ ಮುಗಿಸಿದುವು. ಅಜ್ಜಿಯ ಎಲೆಯಡಿಕೆಯ ಹರಿವಾಣವು ಜಗಲಿಯಲ್ಲಿ ಈಗಲೂ ಇದ್ದಲ್ಲಿಯೇ ಇದೆ. ಅದರ ಮೇಲಿನ ಗೋಡೆಯಲ್ಲಿ ಅವರು ಮೊಮ್ಮಗಳಿಂದ ದಪ್ಪ ಅಕ್ಷರಗಳಲ್ಲಿ ಬರೆಯಿಸಿ ಅಂಟಿಸಿದ ಚೀಟಿಯಲ್ಲಿ ೧೦೮ ಎಂದೂ, ಅದರ ಕೆಳಗೆ ನೆರೆಮನೆಯ ರಿಕ್ಷಾದವನ ಸಂಖ್ಯೆಯೂ ಇದೆ. ಕಿಟಕಿಯ ಮೇಲಿನ ಸಣ್ಣ ಕಣಜದ ಗೂಡನ್ನು ಹುಡುಗರು ಕೆಡವದಂತೆ ನಾವು ಕಾಪಾಡಿದೆವು. ಇಂದು ಬೆಳಿಗ್ಗೆ ಎಣಿಸಿದಾಗ ಅದರ ಮೇಲೆ ಹದಿನೇಳು ಹುಳುಗಳಿದ್ದುವು. ಒಂದು ಮಾತ್ರ ಬದನೆಯ ಗಿಡದಿಂದ ತಂದ ಹಸುರು ಹುಳುವನ್ನು ಅಗಿಯುತ್ತಿದ್ದಿತು.